‘ಯುರೇಕಾ’ ಪತ್ರಿಕೆಯೂ ನಮ್ಮ ಗೋಡೆಪತ್ರಿಕೆಯೂ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಆತ ಪದವಿ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕ. ಅಲ್ಲಿನ ವಿದ್ಯಾರ್ಥಿಗಳೇ ಸೇರಿ ವರ್ಷಕ್ಕೊಂದು ಗಣಿತ ಪತ್ರಿಕೆಯನ್ನು ಹೊರತರಲು ಹೊರಟಿದ್ದಾರಂತೆ. ಮೊದಲ ಸಂಚಿಕೆಗೆ ನಾನೊಂದು ಶುಭ ಹಾರೈಕೆಯ ಮಾತು ಬರೆದುಕೊಡಬೇಕೆಂಬುದು ಅವನ ಕೋರಿಕೆ. ಸಂತೋಷದಿಂದ ಒಪ್ಪಿಕೊಂಡೆ. ಕಾಫಿ ಕುಡಿದು ಹೊರಟವನು ಬಾಗಿಲ ಬಳಿ ನಿಂತು, “ಸಾರ್, ಒಂದು ಸಂದೇಹ. ಹುಡುಗರು ಏನೇನೋ ಬರೆದು ತರುತ್ತಾರೆ. ಅರ್ಧಂಬರ್ಧ ಯೋಚನೆಗಳು, ಸಾಧನೆ ಇರುವುದಿಲ್ಲ, ಉತ್ತರವೂ ಇರುವುದಿಲ್ಲ. ಅಂಥವನ್ನು ಅಚ್ಚು ಹಾಕಬಹುದೇ? ಪೂರ್ತಿಯಾದದ್ದನ್ನು ಮಾತ್ರ ಹಾಕಿ ಎಂದು ಕೆಲವರು ಹೇಳುತ್ತಿದ್ದಾರೆ” ಎಂದು ಕೇಳಿದ.

“ಯೋಚಿಸಿ ಹೇಳುತ್ತೇನಪ್ಪಾ” ಎಂದು ಕಳುಹಿಸಿಕೊಟ್ಟೆ. ನಿಜ ಹೇಳಬೇಕೆಂದರೆ ಯೋಚಿಸುವುದು ಏನೂ ಇರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಮೂವತ್ತು ವರ್ಷಗಳಿಗೂ ಹಿಂದೆ, ಇದೇ ಪ್ರಶ್ನೆ ನನ್ನೆದುರು ಬಂದಾಗ ನಾನು ಕೊಟ್ಟ ಉತ್ತರ ಬೇರೆಯಾಗಿತ್ತು. ಅದರ ನೆನಪು ಬಂದು ಮಾತು ಗಂಟಲಲ್ಲೇ ನಿಂತಿತು. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮುನ್ನ, ವಿದ್ಯಾರ್ಥಿಗಳೇ ನಡೆಸಿಕೊಂಡು ಬಂದ ಗಣಿತ ಪತ್ರಿಕೆಗಳಲ್ಲಿ ಅತ್ಯಂತ ಹೆಸರುವಾಸಿಯಾದ ಒಂದರ ಚರಿತ್ರೆಯನ್ನು ನಿಮ್ಮ ಮುಂದೆ ಇಡಬೇಕು. ನನಗೆ ಬುದ್ಧಿ ಕಲಿಸಿದ್ದು ಆ ಪತ್ರಿಕೆಯ ಕಥೆ.

ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 1935ರಲ್ಲಿ ಗಣಿತದ ವಿದ್ಯಾರ್ಥಿಗಳು ಒಂದು ಸಂಘ ಕಟ್ಟಿಕೊಂಡರು. ಆರ್ಕಿಮಿಡೀಸನ ಹೆಸರಿನಲ್ಲಿ ಅದಕ್ಕೆ ‘ದಿ ಆರ್ಕಿಮಿಡಿಯನ್ಸ್’ ಎಂದು ನಾಮಕರಣವಾಯಿತು. 1939ರಲ್ಲಿ ಅವರು ಒಂದು ಪತ್ರಿಕೆಯನ್ನು ಆರಂಭಿಸಿದರು. ಆರ್ಕಿಮಿಡೀಸನ ಶಿಷ್ಯರ ಪತ್ರಿಕೆಗೆ ಬೇರೆ ಯಾವ ಹೆಸರು ಹೊಂದೀತು? ಸ್ನಾನದ ತೊಟ್ಟಿಯಿಂದೆದ್ದು ಆತ ಕೂಗಿದನೆಂದು ಹೇಳುವ ಆ ಒಂದೇ ಪದ, ‘ಯುರೇಕಾ’. ಎಂಟನೆಯ ತರಗತಿಯಲ್ಲಿ ಆ ಕಥೆ ಹೇಳುವಾಗ ಹಿಂದಿನ ಬೆಂಚಿನವರೆಲ್ಲ ನಗುತ್ತಿದ್ದುದು ನಿಮಗೆ ನೆನಪಿರಬಹುದು.

ಪತ್ರಿಕೆಯ ಸಂಪಾದಕರು ವಿದ್ಯಾರ್ಥಿಗಳೇ. ಅವರು ಓದು ಮುಗಿಸಿ ಹೊರಟುಹೋಗುತ್ತಾರೆ. ಮುಂದಿನ ಗುಂಪು ಬಂದು ನೊಗ ಹೊರುತ್ತದೆ. ಹೀಗೆ ಕೈಯಿಂದ ಕೈಗೆ ಸಾಗುತ್ತ ಅದು ಎಂಟು ದಶಕಗಳನ್ನು ದಾಟಿ ಬಂದಿದೆ. ಒಗಟು, ಹಾಸ್ಯ, ಪದ್ಯ, ಗಂಭೀರ ಲೇಖನ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ವಿದ್ಯಾರ್ಥಿಗಳ ಬರಹದ ಪಕ್ಕದಲ್ಲಿ ಜಗತ್ಪ್ರಸಿದ್ಧರ ಬರಹಗಳೂ ಬಂದವು. ನಮ್ಮ ಶ್ರೀನಿವಾಸ ರಾಮಾನುಜನ್ನರನ್ನು ಕೇಂಬ್ರಿಡ್ಜಿಗೆ ಕರೆಸಿಕೊಂಡ ಪ್ರೊಫೆಸರ್ ಹಾರ್ಡಿ, 1940ರ ಆರಂಭದಲ್ಲಿ, ಯುದ್ಧಕಾಲದ ಗಣಿತವನ್ನು ಕುರಿತು ಇದರಲ್ಲಿ ಒಂದು ಪುಟ್ಟ ಲೇಖನ ಬರೆದರು. ಅದರ ವಿಚಾರಗಳನ್ನು ಮತ್ತೆ ತಿದ್ದಿ, ಅದೇ ವರ್ಷ ಹೊರಬಂದ ತಮ್ಮ ‘ಎ ಮ್ಯಾಥಮೆಟಿಶಿಯನ್ಸ್ ಅಪಾಲಜಿ’ ಎಂಬ ಪುಸ್ತಕದಲ್ಲಿ ಸೇರಿಸಿಕೊಂಡರು. ಅಂತಹ ಹಾರ್ಡಿಯವರಿಗೂ ಮೊದಲ ಕರಡನ್ನು ಇಡಲು ಒಂದು ವಿದ್ಯಾರ್ಥಿ ಪತ್ರಿಕೆ ಒದಗಿಬಂದಿತು ಎನ್ನುವುದನ್ನು ಗಮನಿಸಿ.

ಟ್ರಿನಿಟಿ ಕಾಲೇಜಿನ ನಾಲ್ವರು ಗೆಳೆಯರು, ಬ್ರೂಕ್ಸ್, ಸ್ಮಿತ್, ಸ್ಟೋನ್ ಮತ್ತು ಟಟ್, ಸೇರಿ ‘ಬ್ಲಾಂಚ್ ಡೇಕಾರ್ಟ್’ ಎಂಬ ಇಲ್ಲದ ಹೆಣ್ಣುಮಗಳೊಬ್ಬಳನ್ನು ಸೃಷ್ಟಿಸಿದ್ದರು. 1947ರಲ್ಲಿ ಆ ಹೆಸರಿನಲ್ಲಿ ‘ಯುರೇಕಾ’ದಲ್ಲಿ ಬಣ್ಣ ಹಚ್ಚುವ ಒಂದು ಸಮಸ್ಯೆ ಪ್ರಕಟವಾಯಿತು, ಅದರ ಪರಿಹಾರ ಬಂದದ್ದು ಮರುವರ್ಷ. 1973ರಲ್ಲಿ ಜಾನ್ ಕಾನ್ವೇ, ಯಾವ ದಿನಾಂಕ ಯಾವ ವಾರ ಎಂಬುದನ್ನು ಬಾಯಿಲೆಕ್ಕದಲ್ಲೇ ಹೇಳುವ ತಮ್ಮ ಉಪಾಯವನ್ನು ಇದರಲ್ಲಿಯೇ ವಿವರಿಸಿದರು. ಯಾವುದೇ ವರ್ಷ ತೆಗೆದುಕೊಳ್ಳಿ, ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12, ಈ ಐದೂ ಒಂದೇ ವಾರದಂದು ಬೀಳುತ್ತವೆ. ಅದರ ಮೇಲೆ ಕಟ್ಟಿದ ಉಪಾಯ ಅದು. 1947ರಲ್ಲಿ ಆ ವಾರ ಶುಕ್ರವಾರ. ಆಗಸ್ಟ್ 8 ಶುಕ್ರವಾರವೆಂದ ಮೇಲೆ ಆಗಸ್ಟ್ 15 ಕೂಡ ಶುಕ್ರವಾರವೇ. ನಿಮ್ಮ ಮೊಮ್ಮಕ್ಕಳಿಗೆ ಹೇಳಿಕೊಡಿ. 1978ರಲ್ಲಿ ರೋಜರ್ ಪೆನ್ರೋಸ್, ಎಷ್ಟು ಹರಡಿದರೂ ಒಂದೇ ವಿನ್ಯಾಸ ಕ್ರಮವಾಗಿ ಮರುಕಳಿಸದಂತೆ ನೆಲಕ್ಕೆ ಬಿಲ್ಲೆ ಹಾಸುವ ಬಗೆಯನ್ನು ಈ ಪತ್ರಿಕೆಯಲ್ಲಿ ಬರೆದರು. 2020ರಲ್ಲಿ ಭೌತವಿಜ್ಞಾನಕ್ಕಾಗಿ ನೊಬೆಲ್ ಪಡೆದವರು ಇವರೇ.

ಇವೆಲ್ಲ ಪತ್ರಿಕೆಯ ಕಿರೀಟದ ಗರಿಗಳು. ಆದರೆ ನಾನು ಹೇಳಹೊರಟದ್ದು 1944ರ ಸಂಚಿಕೆಯೊಂದರ ಕಥೆಯನ್ನು. ಅದಕ್ಕೂ ನಮ್ಮ ರಾಮಾನುಜನ್ನರಿಗೂ ನೇರವಾದ ಸಂಬಂಧವಿದೆ. ಸ್ವಲ್ಪ ಲೆಕ್ಕ ಬರುತ್ತದೆ. ಹೆದರಬೇಡಿ, ಕೂಡುವುದು ಕಳೆಯುವುದು ಬಂದರೆ ಸಾಕು.

ನಾಲ್ಕು ಹುಣಿಸೆ ಬೀಜಗಳನ್ನು ತೆಗೆದುಕೊಳ್ಳಿ. ಅವನ್ನು ಎಷ್ಟು ಬಗೆಯಲ್ಲಿ ಗುಡ್ಡೆ ಹಾಕಬಹುದು? ನಾಲ್ಕೂ ಒಂದೇ ಗುಡ್ಡೆ, ಮೂರು ಮತ್ತು ಒಂದು, ಎರಡು ಮತ್ತು ಎರಡು, ಎರಡು, ಒಂದು, ಒಂದು, ಎಲ್ಲವೂ ಬಿಡಿಬಿಡಿ. ಒಟ್ಟು ಐದು ಬಗೆ. ಇದಕ್ಕೆ ಗಣಿತದಲ್ಲಿ ಸಂಖ್ಯೆಯ ವಿಭಜನೆ ಎನ್ನುತ್ತಾರೆ. ಮಕ್ಕಳ ಆಟದಂತೆ ಕಂಡರೂ ಲೆಕ್ಕ ಬೇಗನೆ ಕೈಮೀರುತ್ತದೆ. 9ಕ್ಕೆ 30 ಬಗೆ, 14ಕ್ಕೆ 135, 19ಕ್ಕೆ 490. 200ರ ಹೊತ್ತಿಗೆ ಅದು ಹದಿಮೂರು ಅಂಕಿಗಳ ಸಂಖ್ಯೆ. ಮೇಜರ್ ಮ್ಯಾಕ್‌ಮಹಾನ್ ಎಂಬವರು 200ರ ವರೆಗೆ ಗುಣಿಸಿ ಸಿದ್ಧಪಡಿಸಿದ ಪಟ್ಟಿಯನ್ನು ನೋಡುತ್ತ ರಾಮಾನುಜನ್ನರು ಯಾರ ಕಣ್ಣಿಗೂ ಬೀಳದ ಒಂದು ಸಂಗತಿಯನ್ನು ಕಂಡರು. 4, 9, 14, 19 ಹೀಗೆ ಐದೈದರ ಜಿಗಿತದಲ್ಲಿ ಹೋದರೆ ಸಿಗುವ ಉತ್ತರಗಳೆಲ್ಲ 5ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. 5, 12, 19 ಹೀಗೆ ಏಳೇಳರ ಜಿಗಿತದಲ್ಲಿ ಸಿಗುವ 7, 77, 490 ಮುಂತಾದವು 7ರಿಂದ ಭಾಗವಾಗುತ್ತವೆ. 6, 17 ಹೀಗೆ ಹನ್ನೊಂದರ ಜಿಗಿತದಲ್ಲಿ ಸಿಗುವ 11, 297 ಮುಂತಾದವು 11ರಿಂದ ಭಾಗವಾಗುತ್ತವೆ. 1919ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮರುವರ್ಷ, ಮೂವತ್ತೆರಡರ ವಯಸ್ಸಿನಲ್ಲಿ, ತೀರಿಕೊಂಡರು.

ಭಾಗವಾಗುತ್ತದೆ ಎಂಬುದಕ್ಕೆ ಸಾಧನೆ ದೊರೆಯಿತು. ಆದರೆ ಅದು ಬೀಜಗಣಿತದ ಸಾಧನೆ. 30 ಬಗೆಯ ಗುಡ್ಡೆಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು, ಆರಾರರಂತೆ ಐದು ಪಂಕ್ತಿಗಳಲ್ಲಿ ಕೂರಿಸಬಲ್ಲ ನಿಯಮವೇನು ಎಂದರೆ ಅದು ಹೇಳಲಾರದು. ಊಟದ ಎಲೆಗಳ ಲೆಕ್ಕ ಸರಿಹೋಗಿದೆ. ಯಾರನ್ನು ಯಾವ ಪಂಕ್ತಿಗೆ ಕೂರಿಸಬೇಕೆಂಬುದು ಮಾತ್ರ ಗೊತ್ತಿಲ್ಲ ಎಂಬಂತಹ ಸ್ಥಿತಿ.

ಇಲ್ಲಿಗೆ ಬರುತ್ತಾನೆ ಫ್ರೀಮನ್ ಡೈಸನ್ ಎಂಬ ಹುಡುಗ. ಹುಡುಗನೆಂದೇ ಕರೆಯುತ್ತೇನೆ, ಆಗ ಅವನಿಗೆ ಇಪ್ಪತ್ತು ವರ್ಷ. ಶಾಲೆಯಲ್ಲಿ ಬಹುಮಾನವಾಗಿ ದೊರೆತ, ಹಾರ್ಡಿ ಮತ್ತು ರೈಟ್ ಬರೆದ ಸಂಖ್ಯಾಸಿದ್ಧಾಂತದ ಪುಸ್ತಕದಲ್ಲಿ ಅವನು ರಾಮಾನುಜನ್ನರ ಈ ಫಲಿತಾಂಶಗಳನ್ನು ಓದಿದ್ದ. ಟ್ರಿನಿಟಿಯಲ್ಲಿ ಎರಡು ವರ್ಷ ಓದಿದ ಮೇಲೆ ಯುದ್ಧ ಅವನನ್ನು ವಾಯುಪಡೆಯ ಬಾಂಬರ್ ಕಮಾಂಡಿನ ಕಚೇರಿಗೆ ಒಯ್ದಿತು. ಹೋದ ವಿಮಾನಗಳಲ್ಲಿ ಎಷ್ಟು ಮರಳಲಿಲ್ಲ, ಏಕೆ ಮರಳಲಿಲ್ಲ ಎಂಬ ಲೆಕ್ಕ ಹಾಕುವುದೇ ಅಲ್ಲಿ ಅವನ ಉದ್ಯೋಗ. ಹಗಲೆಲ್ಲ ಸಾವಿನ ಲೆಕ್ಕ. ಆ ದಿನಗಳ ಸಂಜೆಗಳಲ್ಲಿ ಅವನು ರಾಮಾನುಜನ್ನರ ವಿಭಜನೆಗಳನ್ನು ಕುರಿತು ಯೋಚಿಸುತ್ತಿದ್ದ. ಅದರ ಫಲವೇ 1944ರ ‘ಯುರೇಕಾ’ದಲ್ಲಿ ಬಂದ ಲೇಖನ. ಶೀರ್ಷಿಕೆಯನ್ನು ಕನ್ನಡಕ್ಕೆ ತಂದರೆ ‘ವಿಭಜನೆಗಳ ಸಿದ್ಧಾಂತದಲ್ಲಿ ಕೆಲವು ಊಹೆಗಳು’ ಎಂದಾಗುತ್ತದೆ. ಪ್ರಮೇಯಗಳು ಎಂದಲ್ಲ, ಊಹೆಗಳು.

ಅವನ ಊಹೆ ಇಷ್ಟು ಸರಳ. ಪ್ರತಿ ಬಗೆಯಲ್ಲೂ ಅತಿ ದೊಡ್ಡ ಗುಡ್ಡೆಯ ಬೀಜಗಳನ್ನು ಎಣಿಸಿ. ಅದರಿಂದ ಗುಡ್ಡೆಗಳ ಸಂಖ್ಯೆಯನ್ನು ಕಳೆಯಿರಿ. ಬಂದದ್ದಕ್ಕೆ ಅವನು ‘ರ‍್ಯಾಂಕ್’ ಎಂದು ಹೆಸರಿಟ್ಟ. (ಎಸ್‌.ಎಸ್‌.ಎಲ್‌.ಸಿ. ರ‍್ಯಾಂಕಿಗೂ ಇದಕ್ಕೂ ಸಂಬಂಧವಿಲ್ಲ.) ನಮ್ಮ ನಾಲ್ಕು ಹುಣಿಸೆ ಬೀಜಗಳಿಗೆ ಮಾಡಿ ನೋಡಿ. ಒಂದೇ ಗುಡ್ಡೆಗೆ 4 − 1 = 3. ಮೂರು ಮತ್ತು ಒಂದಕ್ಕೆ 3 − 2 = 1. ಎರಡು ಮತ್ತು ಎರಡಕ್ಕೆ 0. ಎರಡು, ಒಂದು, ಒಂದಕ್ಕೆ −1. ಎಲ್ಲ ಬಿಡಿಯಾದರೆ −3. ಋಣ ಸಂಖ್ಯೆಗಳಿಗೆ 5 ಕೂಡಿಸಿದರೆ 4 ಮತ್ತು 2 ಸಿಗುತ್ತವೆ. ಅಲ್ಲಿಗೆ 0, 1, 2, 3, 4 ಐದೂ ಶೇಷಗಳು ಒಂದೊಂದು ಸಲ ಬಂದವು; ಐದು ಪಂಕ್ತಿಗಳಲ್ಲಿ ಒಬ್ಬೊಬ್ಬರು ಕುಳಿತಂತಾಯಿತು. 5ರ ಮತ್ತು 7ರ ವಿಷಯದಲ್ಲಿ ಇದು ಎಂದಿಗೂ ತಪ್ಪದು ಎಂದು ಡೈಸನ್ ಊಹಿಸಿದ. ತನ್ನ ಬಳಿ ಸಾಧನೆ ಇಲ್ಲವೆಂಬುದನ್ನು ಅವನು ಮುಚ್ಚಿಡಲಿಲ್ಲ.

11ರ ವಿಷಯದಲ್ಲಿ ಮಾತ್ರ ಈ ಉಪಾಯ ಮೊದಲ ಹೆಜ್ಜೆಯಲ್ಲೇ ಎಡವುತ್ತದೆ. ಆರು ಬೀಜಗಳನ್ನು ಮೂರು ಮೂರರಂತೆ ಹಾಕಿದರೆ ರ‍್ಯಾಂಕ್ 1. ನಾಲ್ಕು, ಒಂದು, ಒಂದರಂತೆ ಹಾಕಿದರೂ 1. ಇಬ್ಬರು ಒಂದೇ ಎಲೆಯ ಮುಂದೆ ಕುಳಿತ ಹಾಗೆ. ಇನ್ನೊಬ್ಬನಾಗಿದ್ದರೆ 11ರ ಮಾತನ್ನೇ ಎತ್ತದೆ ಲೇಖನ ಮುಗಿಸುತ್ತಿದ್ದನೇನೋ. ಡೈಸನ್ ಹಾಗೆ ಮಾಡಲಿಲ್ಲ. 11ಕ್ಕೂ ಹೊಂದುವ ಇನ್ನೊಂದು ಅಳತೆ ಎಲ್ಲೋ ಇದ್ದೇ ಇರಬೇಕು, ಅದೇನೆಂದು ನನಗೆ ತಿಳಿಯದು, ಅದನ್ನು ‘ಕ್ರ್ಯಾಂಕ್’ ಎಂದು ಕರೆಯೋಣ ಎಂಬುದಾಗಿ ಬರೆದ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದೇ! ನಮ್ಮಲ್ಲಿ ಈ ಗಾದೆಯನ್ನು ಹಾಸ್ಯಕ್ಕೆ ಬಳಸುತ್ತೇವೆ. ಆದರೆ ಆ ಕುಲಾವಿ ವ್ಯರ್ಥವಾಗಲಿಲ್ಲ.

ಹತ್ತು ವರ್ಷಗಳ ಬಳಿಕ, 1954ರಲ್ಲಿ, ಅಟ್ಕಿನ್ ಮತ್ತು ಸ್ವಿನ್ನರ್ಟನ್-ಡಯರ್ ಎಂಬ ಇಬ್ಬರು ಗಣಿತಜ್ಞರು 5 ಮತ್ತು 7ರ ಊಹೆಗಳು ಸತ್ಯವೆಂದು ಸಾಧಿಸಿದರು. ಕ್ರ್ಯಾಂಕ್ ಸಿಗಲಿಲ್ಲ. 1976ರಲ್ಲಿ ಅಮೆರಿಕದ ಜಾರ್ಜ್ ಆಂಡ್ರ್ಯೂಸ್ ಅವರಿಗೆ ಟ್ರಿನಿಟಿಯ ಗ್ರಂಥಾಲಯದಲ್ಲಿ ರಾಮಾನುಜನ್ನರ ಕೊನೆಯ ದಿನಗಳ ಹಾಳೆಗಳ ಕಟ್ಟು ದೊರೆಯಿತು. 1987ರಲ್ಲಿ, ರಾಮಾನುಜನ್ನರ ಜನ್ಮಶತಮಾನೋತ್ಸವದ ಅಂಗವಾಗಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಂದು ಸಮ್ಮೇಳನ ನಡೆಯಿತು. ಅರವತ್ತಮೂರರ ಡೈಸನ್ ಕೂಡ ಅಲ್ಲಿ ಉಪನ್ಯಾಸ ನೀಡಿದರು. ಆ ಸಮ್ಮೇಳನ ಮುಗಿದ ಬೆನ್ನಲ್ಲೇ ಆಂಡ್ರ್ಯೂಸ್ ಮತ್ತು ಫ್ರಾಂಕ್ ಗಾರ್ವನ್ ಕ್ರ್ಯಾಂಕನ್ನು ಕಂಡುಹಿಡಿದರು. ನಲವತ್ತಮೂರು ವರ್ಷ ಕಾದಿದ್ದ ಕುಲಾವಿಗೆ ಕೂಸು ದೊರೆಯಿತು. ನಿಯಮ ಇಷ್ಟೇ: ಬಿಡಿ ಬೀಜ ಒಂದೂ ಇಲ್ಲದಿದ್ದರೆ ಅತಿ ದೊಡ್ಡ ಗುಡ್ಡೆಯೇ ಕ್ರ್ಯಾಂಕ್. ಬಿಡಿ ಬೀಜಗಳಿದ್ದರೆ ಅವನ್ನು ಎಣಿಸಿ. ಆ ಎಣಿಕೆಗಿಂತ ದೊಡ್ಡದಾದ ಗುಡ್ಡೆಗಳೆಷ್ಟು ಎಂದು ನೋಡಿ, ಅದರಿಂದ ಬಿಡಿ ಬೀಜಗಳ ಸಂಖ್ಯೆಯನ್ನು ಕಳೆಯಿರಿ. ಆರು ಬೀಜಗಳ ಹನ್ನೊಂದು ಬಗೆಗಳಿಗೂ ನಾನು ಕುಳಿತು ಮಾಡಿ ನೋಡಿದೆ. ಹನ್ನೊಂದು ಶೇಷಗಳೂ ಒಂದೊಂದೇ ಸಲ ಬಂದವು. ಆ ಮಧ್ಯಾಹ್ನ ನಿದ್ದೆ ಹತ್ತಲಿಲ್ಲ.

ಇನ್ನೊಂದು ವಿಸ್ಮಯವಿದೆ. ಕ್ರ್ಯಾಂಕಿನ ಹಿಂದಿರುವ ಬೀಜಗಣಿತದ ಸೂತ್ರ ರಾಮಾನುಜನ್ನರ ಆ ಕೊನೆಯ ಹಾಳೆಗಳಲ್ಲಿಯೇ ಇತ್ತು. ಹೆಸರಿಲ್ಲದೆ, ವಿವರಣೆಯಿಲ್ಲದೆ ಬರೆದಿಟ್ಟು ಹೋಗಿದ್ದರು. ಅದೇ ರಾಮಾನುಜನ್ನರು 1911ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ವರ್ಗಮೂಲದೊಳಗೆ ವರ್ಗಮೂಲ ಮುಗಿಯದೆ ಸಾಗುವ ಒಂದು ಪ್ರಶ್ನೆಯನ್ನು ಓದುಗರ ಮುಂದಿಟ್ಟು ಕಾದಿದ್ದರು. ಯಾರೂ ಬಿಡಿಸದಿದ್ದಾಗ ಉತ್ತರ 3 ಎಂದು ತಾವೇ ತಿಳಿಸಿದರು. ಇನ್ನು ಈಚಿನ ಮಾತೆಂದರೆ, 2005ರಲ್ಲಿ ಕಾರ್ಲ್ ಮಾಲ್‌ಬರ್ಗ್ ಎಂಬ ಸಂಶೋಧನ ವಿದ್ಯಾರ್ಥಿ, ಇದೇ ಕ್ರ್ಯಾಂಕ್ 11ರ ಆಚೆಗಿನ ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿಯೂ ಕೆಲಸಕ್ಕೆ ಬರುತ್ತದೆಂದು ತೋರಿಸಿದ. ಡೈಸನ್ ಅದನ್ನೂ ಕಂಡರು. ಅವರು ತೀರಿಕೊಂಡದ್ದು 2020ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ.

1944ರಲ್ಲಿ ಆ ವಿದ್ಯಾರ್ಥಿ ಸಂಪಾದಕರು, “ಸಾಧನೆ ಇಲ್ಲ, ಅರ್ಧ ತಪ್ಪುವ ನಿಯಮ, ಇಲ್ಲದ ವಸ್ತುವಿಗೆ ಹೆಸರು ಬೇರೆ, ಪೂರ್ತಿ ಮಾಡಿ ತಾ” ಎಂದು ಹೇಳಿದ್ದರೆ? ಈಗ ನನ್ನ ಕಥೆ.

1992ನೇ ಇಸವಿ. ನಮ್ಮ ಶಾಲೆಯ ಜಗಲಿಯ ಗೋಡೆಯ ಮೇಲೆ ಹದಿನೈದು ದಿನಕ್ಕೊಮ್ಮೆ ನಾನು ನಡೆಸುತ್ತಿದ್ದ ಗಣಿತದ ಗೋಡೆಪತ್ರಿಕೆ ಅಂದಿನವರಿಗೆಲ್ಲ ನೆನಪಿದೆ. ಎರಡು ಡ್ರಾಯಿಂಗ್ ಹಾಳೆ, ಮೈದಾ ಅಂಟು, ಸ್ಕೆಚ್ ಪೆನ್ನು. ಸಂಪಾದಕ ನಾನೇ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನೋಟುಪುಸ್ತಕದ ಹಾಳೆಯೊಂದನ್ನು ತಂದುಕೊಟ್ಟಳು. ಮೂರು ಮೈಲಿ ನಡೆದು ಬರುತ್ತಿದ್ದ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ. ಅದರಲ್ಲಿ ಹೀಗಿತ್ತು: ‘3 ಎಂದರೆ 1 + 2. 5 ಎಂದರೆ 2 + 3. 6 ಎಂದರೆ 1 + 2 + 3. 9 ಎಂದರೆ 4 + 5. ಹೀಗೆ ಬಹಳ ಸಂಖ್ಯೆಗಳನ್ನು ಒಂದರ ಮುಂದೊಂದು ಬರುವ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು. ಆದರೆ 1, 2, 4, 8, 16, 32 ಮಾತ್ರ ಬರುವುದಿಲ್ಲ. 50ರ ವರೆಗೆ ಮಾಡಿದ್ದೇನೆ. ಯಾಕೆ ಎಂದು ಗೊತ್ತಾಗಿಲ್ಲ.’

ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ‘ಅಪೂರ್ಣ. ಸಾಧನೆ ಎಲ್ಲಿ?’ ಎಂದು ಬರೆದು ಹಿಂದಿರುಗಿಸಿದೆ. “ಗೊತ್ತಾದ ಮೇಲೆ ತರ್ತೀನಿ ಸಾರ್” ಎಂದಳು. ತರಲಿಲ್ಲ. ಆ ಸಲ ಗೋಡೆಪತ್ರಿಕೆಯಲ್ಲಿ ಯಾವುದೋ ಪುಸ್ತಕದಿಂದ ನಕಲು ಮಾಡಿದ ಮಾಯಾಚೌಕವೊಂದು ಬಂತು. ಅದು ಪೂರ್ಣವಾಗಿತ್ತು.

ಇಷ್ಟೇ ಆಗಿದ್ದರೆ ಶಿಸ್ತಿನ ಮೇಷ್ಟರೆಂದು ನನ್ನನ್ನು ನಾನೇ ಕ್ಷಮಿಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಯಾರಿಗೂ ಹೇಳದ ಮಾತೆಂದರೆ, ಆ ಸಾಧನೆ ಅಂದು ನನಗೂ ಗೊತ್ತಿರಲಿಲ್ಲ. ಗೋಡೆಯ ಮೇಲೆ ಅದನ್ನು ಅಂಟಿಸಿದರೆ ಯಾರಾದರೂ “ಯಾಕೆ ಸಾರ್?” ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಹೆದರಿ ಗೆರೆ ಎಳೆದೆ. ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಕುಳಿತು ಯೋಚಿಸಿದಾಗ ಕಾರಣ ಹೊಳೆಯಿತು, ಎರಡೇ ಸಾಲಿನದು. ಜೂನಿನಲ್ಲಿ ಶಾಲೆ ತೆರೆದಾಗ ಅವಳನ್ನು ಕರೆದು ಹೇಳಬಹುದಿತ್ತು. ಹೇಳಿದರೆ, ಅಂದು ನನಗೆ ಗೊತ್ತಿರಲಿಲ್ಲವೆಂಬುದು ಹೊರಬೀಳುತ್ತಿತ್ತು. ಹೇಳಲಿಲ್ಲ. ಅವಳು ಎಸ್‌.ಎಸ್‌.ಎಲ್‌.ಸಿ. ಪಾಸಾಗಿ ಪಿ.ಯು.ಸಿ.ಯಲ್ಲಿ ಕಲಾ ವಿಭಾಗ ಸೇರಿದಳು. ಅದಕ್ಕೆ ನನ್ನ ಕೆಂಪು ಶಾಯಿಯೇ ಕಾರಣವೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ಇಲ್ಲ.

ನಿವೃತ್ತಿಯ ಅನಂತರ ಡೈಸನ್ನನ ಆ ಲೇಖನದ ವಿಚಾರ ಓದಿದಾಗ ಮೊದಲು ನೆನಪಾದದ್ದು ಆ ಹಾಳೆ. ಇಪ್ಪತ್ತರ ಹುಡುಗ ‘ನನಗೆ ತಿಳಿಯದು’ ಎಂದು ಅಚ್ಚಿನಲ್ಲಿ ಹೇಳಿದ. ಹದಿನಾಲ್ಕರ ಹುಡುಗಿಯೂ ಹೇಳಿದಳು. ಹೇಳಲಾರದೆ ಹೋದವನು ಬಿ.ಎಡ್. ಮಾಡಿದ ನಾನೊಬ್ಬನೇ.

ಆದ್ದರಿಂದ ನನ್ನ ಶಿಷ್ಯನಿಗೆ ಬರೆದುಕೊಟ್ಟ ಹಾರೈಕೆಯಲ್ಲಿ ಹೀಗೆ ಹೇಳಿದ್ದೇನೆ. ಅಪೂರ್ಣವಾದದ್ದನ್ನು ಧಾರಾಳವಾಗಿ ಪ್ರಕಟಿಸಿ. ಆದರೆ ಊಹೆಯನ್ನು ಊಹೆ ಎಂದೇ ಕರೆಯಿರಿ. ಎಷ್ಟರ ವರೆಗೆ ಪರೀಕ್ಷಿಸಿದ್ದೀರಿ ಎಂಬುದನ್ನು ಬರೆಯಿರಿ. ಎಲ್ಲಿ ತಪ್ಪುತ್ತದೆ ಎಂಬುದನ್ನು ಮರೆಮಾಚಬೇಡಿ. ಅಪೂರ್ಣತೆ ದೋಷವಲ್ಲ, ಅದನ್ನು ಮುಚ್ಚಿಡುವುದು ದೋಷ. ಸಂಶೋಧನ ಪತ್ರಿಕೆಗಳು ಸಾಧನೆ ಕೇಳುತ್ತವೆ, ಕೇಳಲೇಬೇಕು. ‘ಗೊತ್ತಿಲ್ಲ’ ಎಂದು ಬರೆಯಲು ಇರುವ ಜಾಗ ವಿದ್ಯಾರ್ಥಿಗಳ ಪತ್ರಿಕೆ. ಅದನ್ನೂ ಕಸಿದುಕೊಳ್ಳಬೇಡಿ.

ಅವಳ ಹೆಸರನ್ನು ಇಲ್ಲಿ ಬರೆದಿಲ್ಲ. ನಿಮ್ಮ ಪೈಕಿ ಕೆಲವರು ಊಹಿಸಿರಬಹುದು. ಅವಳ ಹಾಳೆಯಲ್ಲಿದ್ದುದನ್ನು ಮಾತ್ರ, ಮೂವತ್ತು ವರ್ಷಕ್ಕೂ ಮಿಕ್ಕಿ ತಡವಾದರೂ, ಇಲ್ಲಿ ಪ್ರಕಟಿಸಿದ್ದೇನೆ. ಆ ಎರಡು ಸಾಲಿನ ಸಾಧನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ಮೊದಲನೆಯ ಮತ್ತು ಕೊನೆಯ ಸಂಖ್ಯೆಗಳನ್ನು ಕೂಡಿಸಿ, ಒಟ್ಟು ಎಷ್ಟು ಸಂಖ್ಯೆಗಳಿವೆ ಎಂದು ನೋಡಿ, ಎರಡರಲ್ಲಿ ಯಾವುದು ಬೆಸ ಎಂದು ಕೇಳಿಕೊಳ್ಳಿ. ಉತ್ತರ ಬಂದರೆ ನನಗೆ ತಿಳಿಸಿ. ಬಾರದಿದ್ದರೆ, ಬರಲಿಲ್ಲವೆಂದು ತಿಳಿಸಿ.